ಒಂದು ಕೋಲು, ಒಂದು ಮರ, ಒಂದೇ ಪಟ್ಟು

ಹುಳಿಯಾರಿನ ಕಡೆ ಮನೆ ಪಕ್ಕದ ಒಣಗಿದ ತೆಂಗಿನ ಮರ ಕಡಿಸುವ ಮಾತು ಬಂತೆಂದರೆ ಮೊದಲು ಏಳುವ ಪ್ರಶ್ನೆ ಒಂದೇ: ಉರುಳಿದಾಗ ತುದಿ ಎಲ್ಲಿಗೆ ಬಂದು ಬೀಳುತ್ತದೆ? ಬುಡದಿಂದ ಮನೆಯ ಹೆಂಚಿಗೆ ಐವತ್ತು ಅಡಿ. ಆ ಕಡೆ ಕರೆಂಟ್ ಕಂಬಕ್ಕೆ ಎಪ್ಪತ್ತು. ಮರದ ಎತ್ತರ ಗೊತ್ತಾಗದೆ ಹಗ್ಗ ಯಾವ ದಿಕ್ಕಿಗೆ ಎಳೆಯಬೇಕು, ಕೊಡಲಿ ಯಾವ ಮಗ್ಗುಲಿಗೆ ಹಾಕಬೇಕು ಎಂಬುದು ತೀರ್ಮಾನವಾಗುವುದಿಲ್ಲ. ಮೇಲೆ ಹತ್ತಿ ಟೇಪು ಇಳಿಬಿಟ್ಟರೆ ಮುಗಿಯಿತು ಅನ್ನಬಹುದು. ಆದರೆ ಸುಳಿ ಸತ್ತು ಒಳಗೆ ಟೊಳ್ಳಾಗಿರುವ ಮರವನ್ನು ಯಾರೂ ಹತ್ತುವುದಿಲ್ಲ, ಹತ್ತಲೂ ಬಾರದು.

ನೆರಳು ಅಳೆದರೆ ಎತ್ತರ ಸಿಗುತ್ತದೆ ಎಂಬುದನ್ನು ನಾವೆಲ್ಲ ಶಾಲೆಯಲ್ಲಿ ಕೇಳಿದ್ದೇವೆ. ಕೇಳಿದ್ದು ಅರ್ಧ ನೆನಪಿದೆ, ಇನ್ನರ್ಧ ಮರೆತಿದೆ. ಮರೆತ ಅರ್ಧದಲ್ಲೇ ಒಗಟು ಇರುವುದು. ಬೆಳಗ್ಗೆ ಏಳು ಗಂಟೆಗೆ ಅದೇ ಮರದ ನೆರಳು ಪಕ್ಕದ ಹೊಲದವರೆಗೂ ಹಾಸಿರುತ್ತದೆ, ನಡುಹಗಲಿಗೆ ಬುಡದ ಹತ್ತಿರಕ್ಕೆ ಸರಿದಿರುತ್ತದೆ. ಏಪ್ರಿಲ್ ಕೊನೆಯ ವಾರದಲ್ಲೂ ಆಗಸ್ಟ್ ನಡುವಿನಲ್ಲೂ ಒಂದೊಂದು ದಿನ ಸೂರ್ಯ ನಮ್ಮ ನೆತ್ತಿಯ ಮೇಲೇ ಬರುವುದರಿಂದ ಮಧ್ಯಾಹ್ನ ನೆಟ್ಟಗಿನ ಕಂಬಕ್ಕೆ ನೆರಳೇ ಇರುವುದಿಲ್ಲ. ಗಳಿಗೆಗೊಂದು ಅಳತೆ ತೋರುವ ನೆರಳು ಬದಲಾಗದ ಮರದ ಎತ್ತರವನ್ನು ಹೇಗೆ ಹೇಳೀತು?

ನೆರಳಿಗೊಂದು ಜೊತೆ

ಒಂಟಿ ನೆರಳು ಏನನ್ನೂ ಹೇಳುವುದಿಲ್ಲ. ಅದಕ್ಕೊಂದು ಜೊತೆ ಬೇಕು. ನೆಲದ ಮೇಲೆ ಸರಿಯಾಗಿ 4 ಅಡಿ ನಿಲ್ಲುವಂತೆ ಒಂದು ಕೋಲನ್ನು ನೆಟ್ಟಗೆ ನೆಡಿ. ಅದರ ನೆರಳು 3 ಅಡಿ ಬಿತ್ತೆನ್ನಿ. ತಡಮಾಡದೆ ಆಗಲೇ ಮರದ ನೆರಳನ್ನೂ ಅಳೆಯಿರಿ. ಅದು 45 ಅಡಿ ಇದ್ದರೆ ಕೋಲಿನ ನೆರಳಿಗಿಂತ 15 ಪಟ್ಟು ಉದ್ದ. ಹಾಗಾದರೆ ಮರವೂ ಕೋಲಿಗಿಂತ 15 ಪಟ್ಟು ಎತ್ತರ: 60 ಅಡಿ. ಹೆಂಚಿಗೆ ತಾಗುತ್ತದೆ, ಕಂಬಕ್ಕೆ ತಾಗುವುದಿಲ್ಲ.

ಒಂದು ತಾಸು ಬಿಟ್ಟು ಅಳೆದರೆ ಎರಡೂ ನೆರಳು ಬದಲಾಗಿರುತ್ತವೆ. ಕೋಲಿನದು 4 ಅಡಿಯಾಗಿದ್ದರೆ ಮರದ್ದು 60 ಅಡಿಯಾಗಿರುತ್ತದೆ. ನೆರಳುಗಳು ಹಿಗ್ಗುತ್ತವೆ, ಕುಗ್ಗುತ್ತವೆ, ಅವೆರಡರ ನಡುವಿನ 15 ಮಾತ್ರ ಅಲ್ಲಾಡುವುದಿಲ್ಲ. ಈ 15 ಅನ್ನುವುದಕ್ಕೆ ಈ ಅಧ್ಯಾಯದಲ್ಲಿ ಪಟ್ಟುಸಂಖ್ಯೆ ಎನ್ನೋಣ. ಇಂಗ್ಲಿಷ್ ಮಾಧ್ಯಮದ ಮಕ್ಕಳು ಇದನ್ನೇ ಸ್ಕೇಲ್ ಫ್ಯಾಕ್ಟರ್ ಎಂದು ಓದುತ್ತಾರೆ.

ಅದೇಕೆ ಅಲ್ಲಾಡುವುದಿಲ್ಲ? ಸೂರ್ಯ ನಮ್ಮಿಂದ ಸುಮಾರು 15 ಕೋಟಿ ಕಿಲೋಮೀಟರ್ ದೂರದಲ್ಲಿದ್ದಾನೆ. ಅಷ್ಟು ದೂರದಿಂದ ಬರುವ ಕಿರಣಗಳು ಒಂದು ತೋಟದ ಅಗಲದೊಳಗೆ ಒಂದಕ್ಕೊಂದು ಸಮಾನಾಂತರವಾಗಿಯೇ ಇಳಿಯುತ್ತವೆ. ಕೋಲಿನ ತುದಿ ಸವರಿ ಬಂದ ಕಿರಣ ನೆಲಕ್ಕೆ ಎಷ್ಟು ಓರೆಯೋ ಮರದ ತುದಿ ಸವರಿ ಬಂದದ್ದೂ ಅಷ್ಟೇ ಓರೆ. ಕೋಲು, ಅದರ ನೆರಳು, ಕಿರಣ ಸೇರಿ ಒಂದು ತ್ರಿಕೋನ. ಮರ, ಅದರ ನೆರಳು, ಕಿರಣ ಸೇರಿ ಇನ್ನೊಂದು. ಎರಡರ ಬುಡದಲ್ಲೂ ನೇರ ಮೂಲೆ, ನೆರಳಿನ ತುದಿಯಲ್ಲೂ ಒಂದೇ ಕೋನ, ಹಾಗಾಗಿ ಮೂರನೆಯ ಕೋನವೂ ಒಂದೇ. ಆಕಾರ ಅದೇ, ಗಾತ್ರ ಮಾತ್ರ ಬೇರೆ. ಪಠ್ಯಪುಸ್ತಕ ಇಂಥವನ್ನು ಸಮರೂಪ ಆಕೃತಿಗಳು ಎನ್ನುತ್ತದೆ. ಚಿಕ್ಕದರ ಪ್ರತಿಯೊಂದು ಬಾಹುವನ್ನೂ ಒಂದೇ ಸಂಖ್ಯೆಯಿಂದ ಗುಣಿಸಿದರೆ ದೊಡ್ಡದು ಸಿಗುತ್ತದೆ.

ಬೀದಿದೀಪದ ಕೆಳಗೆ ಈ ಉಪಾಯ ನಡೆಯದು. ದೀಪ ಹತ್ತಿರವಿರುವುದರಿಂದ ಕಿರಣಗಳು ಬಿಚ್ಚಿಕೊಳ್ಳುತ್ತ ಇಳಿಯುತ್ತವೆ. ಅದೇ ಕೋಲನ್ನು ಕಂಬದಿಂದ ದೂರ ಸರಿಸಿದಷ್ಟೂ ನೆರಳು ಬೆಳೆಯುತ್ತದೆ. ಅಲ್ಲೂ ಸಮರೂಪ ತ್ರಿಕೋನಗಳು ಇವೆ, ಆದರೆ ದೀಪದ ಕಂಬವನ್ನೇ ಒಂದು ಬಾಹುವಾಗಿ ತೆಗೆದುಕೊಂಡು ಲೆಕ್ಕ ಬೇರೆ ಹೂಡಬೇಕು.

ಅಳೆಯುವವರಿಗೆ ನಾಲ್ಕು ಮಾತು

ಪಟ್ಟುಸಂಖ್ಯೆ ನಿಜವನ್ನು ಹಿಗ್ಗಿಸುವಂತೆ ತಪ್ಪನ್ನೂ ಹಿಗ್ಗಿಸುತ್ತದೆ. ಮೇಲಿನ ಲೆಕ್ಕದಲ್ಲಿ ಕೋಲಿನ ನೆರಳನ್ನು 36 ಇಂಚಿನ ಬದಲು ಮೂವತ್ತಾರೂವರೆ ಎಂದು ಓದಿದರೆ ಮರದ ಎತ್ತರ ಸುಮಾರು 10 ಇಂಚು ಕಡಿಮೆ ಬರುತ್ತದೆ. ಅರ್ಧ ಇಂಚಿನ ಅಜಾಗರೂಕತೆಗೆ ಹತ್ತು ಇಂಚಿನ ದಂಡ. ಕೋಲು 8 ಅಡಿಯದಾದರೆ ಅದೇ ತಪ್ಪಿಗೆ ದಂಡ 5 ಇಂಚಿಗೆ ಇಳಿಯುತ್ತದೆ. ಆದ್ದರಿಂದ ಸಿಕ್ಕಷ್ಟು ಉದ್ದದ ಗಳ ಹುಡುಕಿ.

ಮರದ ನೆರಳಿನ ಅಂಚು ಮಸುಕಾಗಿರುತ್ತದೆ. ಸೂರ್ಯ ಚುಕ್ಕಿಯಲ್ಲ, ನಮ್ಮ ಕಣ್ಣಿಗೆ ಅರ್ಧ ಡಿಗ್ರಿಯಷ್ಟು ಅಗಲದ ಬಿಲ್ಲೆ. ಅದರ ಮೇಲಂಚಿನಿಂದಲೂ ಕೆಳಂಚಿನಿಂದಲೂ ಬೆಳಕು ಬರುವುದರಿಂದ ಅರವತ್ತು ಅಡಿ ಮೇಲಿನ ತುದಿಯ ನೆರಳು ನೆಲದ ಮೇಲೆ ಒಂದಡಿಯಷ್ಟು ಕದಡಿ ಬೀಳುತ್ತದೆ. ಆ ಮಸುಕಿನ ನಡುವನ್ನು ಹಿಡಿಯಬೇಕು. ನೆಲ ಇಳಿಜಾರಿದ್ದರೆ ಲೆಕ್ಕ ಕೆಡುತ್ತದೆ. ಮರ ಬಾಗಿದ್ದರೆ ಬುಡದಿಂದ ಅಲ್ಲ, ತುದಿಯ ನೇರ ಕೆಳಗಿನ ಜಾಗದಿಂದ ನೆರಳನ್ನು ಅಳೆಯಬೇಕು.

ನೆರಳು ಹೋಗಿ ಗೋಡೆ ಹತ್ತಿದರೆ ಹಲವರು ಅಲ್ಲಿಗೇ ಕೈಬಿಡುತ್ತಾರೆ. ಬಿಡಬೇಕಿಲ್ಲ. ಗೋಡೆಯ ಮೇಲೆ ನಿಂತ ನೆರಳಿನ ತುಂಡು ಮರದಂತೆಯೇ ನೆಟ್ಟಗಿದೆ, ಅದಕ್ಕೆ ಯಾವ ಗುಣಾಕಾರವೂ ಇಲ್ಲ. ನೆಲದ ಮೇಲಿನ ಭಾಗಕ್ಕೆ ಮಾತ್ರ ಕೋಲಿನ ಲೆಕ್ಕ ಹಾಕಿ, ಗೋಡೆಯ ಮೇಲಿನದನ್ನು ಇದ್ದ ಹಾಗೇ ಕೂಡಿಸಿದರೆ ಎತ್ತರ ಸಿಗುತ್ತದೆ.

ಮೋಡ ಕವಿದ ದಿನ ನೆರಳೇ ಇಲ್ಲದಿದ್ದರೆ ನೆಲದ ಮೇಲೆ ಒಂದು ಅಗಲದ ತಟ್ಟೆಯಲ್ಲಿ ನೀರು ತುಂಬಿಡಿ. ಮರದ ತುದಿ ನೀರಿನಲ್ಲಿ ಕಾಣುವವರೆಗೆ ಹಿಂದಕ್ಕೆ ಸರಿಯಿರಿ. ನೀರಿಗೆ ಬೆಳಕು ಎಷ್ಟು ಓರೆಯಾಗಿ ಬೀಳುತ್ತದೋ ಅಷ್ಟೇ ಓರೆಯಾಗಿ ಎದ್ದು ಕಣ್ಣಿಗೆ ಬರುವುದರಿಂದ ಇಲ್ಲೂ ಒಂದೇ ಆಕಾರದ ಎರಡು ತ್ರಿಕೋನ. ನಿಮ್ಮ ಕಣ್ಣಿನ ಎತ್ತರ 5 ಅಡಿ, ತಟ್ಟೆಗೆ ನೀವು 5 ಅಡಿ ದೂರ, ತಟ್ಟೆಯಿಂದ ಬುಡಕ್ಕೆ 60 ಅಡಿ ಆದರೆ ಮರ 60 ಅಡಿ. ಮರ ಉರುಳಿಸುವ ಕೆಲಸಕ್ಕಾದರೆ, ಯಾವ ರೀತಿಯಲ್ಲಿ ಅಳೆದರೂ ಬಂದ ಎತ್ತರಕ್ಕೆ ಐದಾರು ಅಡಿ ಸೇರಿಸಿಯೇ ಜಾಗ ಬಿಡಿ.

ನೃಪತುಂಗನ ಕಾಲದ ಲೆಕ್ಕ

ಪಿರಮಿಡ್ಡಿನ ನೆರಳು ಅಳೆದ ಗ್ರೀಕರ ಥೇಲ್ಸನ ಕಥೆ ಎಲ್ಲ ಪುಸ್ತಕಗಳಲ್ಲೂ ಬರುತ್ತದೆ. ನಮ್ಮ ನೆಲದ ಹೆಸರು ಅಷ್ಟಾಗಿ ಬರುವುದಿಲ್ಲ, ಇದು ನನಗೆ ನೋವಿನ ಸಂಗತಿ. ಕ್ರಿ.ಶ. 850ರ ಸುಮಾರಿನಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ಎಂಬ ಜೈನ ಗಣಿತಜ್ಞ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದ. ಅದರ ಆರಂಭದಲ್ಲೇ ನೃಪತುಂಗನ ಸ್ತುತಿ ಇದೆ. ಪುಸ್ತಕದ ಕೊನೆಯ ಅಧ್ಯಾಯದ ಹೆಸರು ಛಾಯಾವ್ಯವಹಾರ, ಅಂದರೆ ನೆರಳಿನ ಲೆಕ್ಕ. ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇದನ್ನು ಇಂಗ್ಲಿಷಿಗೆ ಅನುವಾದಿಸಿ 1912ರಲ್ಲಿ ಪ್ರಕಟಿಸಿದ ಮೇಲೆ ಹೊರಜಗತ್ತಿಗೆ ಇದರ ಪರಿಚಯವಾಯಿತು. 1150ರಲ್ಲಿ ಭಾಸ್ಕರಾಚಾರ್ಯ ಬರೆದ 'ಲೀಲಾವತಿ'ಯಲ್ಲೂ ನೆರಳಿಗೆ ಒಂದು ಭಾಗವಿದೆ. ಅಲ್ಲಿ 12 ಅಂಗುಲದ ಶಂಕು ಎಂಬ ನೆಟ್ಟ ಗೂಟವೇ ನಮ್ಮ ಕೋಲು, ದೀಪದ ನೆರಳಿನ ಲೆಕ್ಕವೂ ಅಲ್ಲಿದೆ. 12ನೇ ಶತಮಾನದ ರಾಜಾದಿತ್ಯನಂತೂ ಕನ್ನಡದಲ್ಲೇ 'ವ್ಯವಹಾರಗಣಿತ', 'ಕ್ಷೇತ್ರಗಣಿತ' ಬರೆದ.

ಹಳೆಯ ಮೇಷ್ಟರುಗಳು ಬಾಯಿಪಾಠ ಮಾಡಿಸುತ್ತಿದ್ದ ತ್ರೈರಾಶಿಕವೇ ಇದರ ಬೇರು. ಮೂರು ಗೊತ್ತು, ನಾಲ್ಕನೆಯದು ಬೇಕು. ಕೋಲು ಗೊತ್ತು, ಕೋಲಿನ ನೆರಳು ಗೊತ್ತು, ಮರದ ನೆರಳು ಗೊತ್ತು. ಹತ್ತನೇ ತರಗತಿಯ ತ್ರಿಭುಜಗಳ ಪಾಠವನ್ನು ಕಪ್ಪುಹಲಗೆಯ ಮೇಲಿನ ಎಬಿಸಿ, ಪಿಕ್ಯೂಆರ್‌ಗಳಲ್ಲೇ ಮುಗಿಸದೆ ಶಾಲೆಯ ಅಂಗಳದ ತೆಂಗಿನ ಮರದ ಬುಡಕ್ಕೆ ತಂದರೆ ಮಕ್ಕಳು ಜನ್ಮದಲ್ಲಿ ಮರೆಯುವುದಿಲ್ಲ.

ಆಕಾರ ಒಂದೇ ಎಂಬ ಷರತ್ತು

ಪಟ್ಟುಸಂಖ್ಯೆ ಹುಡುಕುವ ಮೊದಲು ಆಕಾರ ನಿಜಕ್ಕೂ ಒಂದೇ ಹೌದೇ ಎಂದು ಕೇಳಬೇಕು. ಸೈಟು ಕೊಂಡವರಿಗೆಲ್ಲ ಗೊತ್ತಿರುವ ಅಳತೆಗಳನ್ನೇ ನೋಡಿ. 20×30ರ ಸೈಟಿಗೂ 40×60ರ ಸೈಟಿಗೂ ಅಗಲದಲ್ಲಿ 2 ಪಟ್ಟು, ಉದ್ದದಲ್ಲೂ 2 ಪಟ್ಟು. ಇವು ಸಮರೂಪ. 30×40ಕ್ಕೂ 40×60ಕ್ಕೂ ಹೋಲಿಸಿದರೆ ಅಗಲದಲ್ಲಿ 1.33 ಪಟ್ಟು, ಉದ್ದದಲ್ಲಿ 1.5 ಪಟ್ಟು. ಎರಡಕ್ಕೂ ನಾಲ್ಕು ನೇರ ಮೂಲೆ ಇದ್ದರೂ ಇವು ಒಂದೇ ಆಕಾರವಲ್ಲ, ಇವುಗಳ ನಡುವೆ ಪಟ್ಟುಸಂಖ್ಯೆ ಎಂಬುದೇ ಇಲ್ಲ. ಮೂವತ್ತು-ನಲವತ್ತರ ಮನೆಯ ಪ್ಲಾನನ್ನು ಹಿಗ್ಗಿಸಿ ನಲವತ್ತು-ಅರವತ್ತಕ್ಕೆ ಕೂರಿಸಲು ಹೊರಟರೆ ಒಂದು ಕಡೆ ಜಾಗ ಮಿಕ್ಕೇ ಮಿಗುತ್ತದೆ.

ತ್ರಿಕೋನಕ್ಕೆ ಮಾತ್ರ ಈ ಭಯವಿಲ್ಲ. ಮೂರು ಕೋನ ಸರಿಹೊಂದಿದರೆ ಆಕಾರ ತಾನಾಗಿ ಸರಿಹೊಂದುತ್ತದೆ. ನಾಲ್ಕು ಮೂಲೆಯ ಹೊಲವನ್ನು ಕೋನ ಕೆಡಿಸದೆಯೇ ಉದ್ದಕ್ಕೆ ಎಳೆಯಬಹುದು, ಮೂರು ಮೂಲೆಯದನ್ನು ಹಾಗೆ ಎಳೆಯಲಾಗದು. ಅದಕ್ಕೇ ಭೂಮಾಪನದವರಿಗೆ ತ್ರಿಕೋನವೆಂದರೆ ಅಷ್ಟು ಪ್ರೀತಿ.

ಇನ್ನು ಯಾವ ಬಾಹುವಿಗೆ ಯಾವುದು ಜೋಡಿ? ಆಕೃತಿ ತಿರುಗಿದ್ದರೆ, ಮಗುಚಿದ್ದರೆ ಇಲ್ಲೇ ಎಡವುವುದು. ಕಾಗದದ ಮೇಲೆ 4, 5, 6 ಸೆಂಟಿಮೀಟರ್ ಬಾಹುಗಳ ಮೂರು ಮೂಲೆಯ ಹೊಲವೊಂದು ಇದೆ ಎನ್ನಿ. ಸ್ಥಳದಲ್ಲಿ ಅಳೆದರೆ 150, 180, 120 ಅಡಿ ಬಂತು. ಚಿಕ್ಕದಕ್ಕೆ ಚಿಕ್ಕದು, ದೊಡ್ಡದಕ್ಕೆ ದೊಡ್ಡದು ಜೋಡಿಸಿ: 120ನ್ನು 4ರಿಂದ ಭಾಗಿಸಿದರೆ 30, 150ನ್ನು 5ರಿಂದ ಭಾಗಿಸಿದರೆ 30, 180ನ್ನು 6ರಿಂದ ಭಾಗಿಸಿದರೆ 30. ಸೆಂಟಿಮೀಟರಿಗೆ ಮೂವತ್ತಡಿ. ಅಳೆದ ಕ್ರಮದಲ್ಲೇ ಕಣ್ಣುಮುಚ್ಚಿ ಜೋಡಿಸಿದ್ದರೆ ಒಂದು ಕಡೆ 37.5, ಇನ್ನೊಂದು ಕಡೆ 36, ಮತ್ತೊಂದು ಕಡೆ 20 ಬರುತ್ತಿತ್ತು. ಸಂಖ್ಯೆಗಳು ಜಗಳಕ್ಕೆ ನಿಂತರೆ ಜೋಡಿ ತಪ್ಪಿದೆ, ಇಲ್ಲವೇ ಆಕಾರ ಬೇರೆ. ಪಟ್ಟುಸಂಖ್ಯೆ ಕಂಡುಹಿಡಿಯಲು ಒಂದು ಜೋಡಿ ಸಾಕು. ಅದನ್ನು ನಂಬಲು ಎರಡನೆಯ ಜೋಡಿ ಬೇಕು.

ಚುಕ್ಕಿ ರಂಗೋಲಿಯ ಪಾಠ

ತುಳಸಿಕಟ್ಟೆಯ ಮುಂದೆ ಇಡುವ ಚುಕ್ಕಿ ರಂಗೋಲಿಯನ್ನೇ ಹಬ್ಬದ ದಿನ ಬೀದಿಗೆ ದೊಡ್ಡದಾಗಿ ಬಿಡಿಸುವುದನ್ನು ನೆನಪಿಸಿಕೊಳ್ಳಿ. ಚುಕ್ಕಿಗಳ ಎಣಿಕೆ ಅಷ್ಟೇ, ಚುಕ್ಕಿಯಿಂದ ಚುಕ್ಕಿಗೆ ದೂರ ಮಾತ್ರ ಎರಡು ಪಟ್ಟು. ಗೆರೆ ಎಳೆಯಲು ಪುಡಿ ಎರಡು ಪಟ್ಟು ಸಾಕು. ಒಳಗೆ ಬಣ್ಣ ತುಂಬಲು ಹೋದಾಗ ಎರಡು ಪಟ್ಟು ತಂದ ಬಣ್ಣ ಅರ್ಧ ರಂಗೋಲಿಗೇ ಮುಗಿದುಹೋಗುತ್ತದೆ. ನಾಲ್ಕು ಪಟ್ಟು ಬೇಕು. ಏಕೆಂದರೆ ಪ್ರತಿ ಮನೆಯೂ ಉದ್ದದಲ್ಲಿ ಎರಡು ಪಟ್ಟು, ಅಗಲದಲ್ಲೂ ಎರಡು ಪಟ್ಟು ಹಿಗ್ಗಿದೆ.

ಉದ್ದಕ್ಕೆ ಪಟ್ಟುಸಂಖ್ಯೆ ಒಂದು ಸಲ, ಹರವಿಗೆ ಎರಡು ಸಲ. 20×30ರ ಸೈಟಿನಲ್ಲಿ 600 ಚದರಡಿ, ಎರಡು ಪಟ್ಟಾದ 40×60ರಲ್ಲಿ 2,400. ನಮ್ಮ ಗುಂಟೆಯೂ ಹೀಗೆಯೇ ಹುಟ್ಟಿದ್ದು. ಸರ್ವೆಯ ಸರಪಳಿ 33 ಅಡಿ, ಅದರಲ್ಲಿ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲ ಒಂದು ಗುಂಟೆ, 1,089 ಚದರಡಿ. ಎರಡು ಸರಪಳಿ ಉದ್ದಗಲದ ತುಂಡು ಎರಡು ಗುಂಟೆಯಲ್ಲ, ನಾಲ್ಕು.

ಒಂದು ಇಂಚಿನೊಳಗೆ ಹತ್ತು ಎಕರೆ

ಬದುವಿನ ಜಗಳ, ಪೋಡಿ, ಅಣ್ಣತಮ್ಮಂದಿರ ಪಾಲು, ಯಾವುದೇ ಇರಲಿ, ಗ್ರಾಮನಕ್ಷೆಯ ಪ್ರತಿ ಮೊದಲು ಹೊರಗೆ ಬರುತ್ತದೆ. ಅದರ ಮೇಲೆ 1:7920 ಎಂದಿರುವುದನ್ನು ಕಂಡಿರಬಹುದು. ಅದು ಪಟ್ಟುಸಂಖ್ಯೆಯೇ. ಕಾಗದದ ಮೇಲಿನ ಒಂದು ಇಂಚು ನೆಲದ ಮೇಲೆ 7,920 ಇಂಚು, ಅಂದರೆ 660 ಅಡಿ, ಅಂದರೆ ನಮ್ಮ 33 ಅಡಿಯ ಸರಪಳಿಯಲ್ಲಿ ಸರಿಯಾಗಿ 20. ಎಂಟು ಇಂಚಿಗೆ ಒಂದು ಮೈಲಿ.

ಈ ವಿಚಿತ್ರ ಸಂಖ್ಯೆಯನ್ನು ಆರಿಸಿದವರ ಜಾಣ್ಮೆ ಹರವಿನ ಲೆಕ್ಕದಲ್ಲಿ ಬೆಳಗುತ್ತದೆ. ನಕ್ಷೆಯ ಒಂದು ಚದರ ಇಂಚೆಂದರೆ ನೆಲದ ಮೇಲೆ 660 ಅಡಿ ಉದ್ದ, 660 ಅಡಿ ಅಗಲ: 4,35,600 ಚದರಡಿ. ಒಂದು ಎಕರೆ 43,560 ಚದರಡಿ. ಚದರ ಇಂಚಿಗೆ ಕೂದಲೆಳೆಯೂ ಹೆಚ್ಚುಕಡಿಮೆಯಿಲ್ಲದೆ ಹತ್ತು ಎಕರೆ! ಕಾಲು ಇಂಚು ಉದ್ದಗಲದ ಚೌಕ ಅದರ ಹದಿನಾರನೇ ಒಂದು ಪಾಲು, 25 ಗುಂಟೆ. ಕಾಗದ, ಸ್ಕೇಲು ಇದ್ದರೆ ಕ್ಯಾಲ್ಕುಲೇಟರ್ ಬೇಕಿಲ್ಲ.

ಅನಾಹುತ ಆಗುವುದು ಝೆರಾಕ್ಸ್ ಅಂಗಡಿಯಲ್ಲಿ. ಗೆರೆಗಳು ಸಣ್ಣಗಿವೆ, ಕಣ್ಣಿಗೆ ಕಾಣುತ್ತಿಲ್ಲ ಎಂದು ಎ-4 ಹಾಳೆಯನ್ನು ಎ-3ಗೆ ದೊಡ್ಡದು ಮಾಡಿಸುತ್ತೇವೆ. ಯಂತ್ರದ ಮೇಲೆ 141 ಶೇಕಡಾ ಎಂದು ಕಾಣುತ್ತದೆ. ಪ್ರತಿ ಗೆರೆ 1.41 ಪಟ್ಟು ಉದ್ದವಾಯಿತು, ಪ್ರತಿ ಹೊಲ ಎರಡು ಪಟ್ಟು ಹರವಾಯಿತು. ಮೂಲೆಯಲ್ಲಿ ಅಚ್ಚಾದ 1:7920 ಮಾತ್ರ ಅಕ್ಷರವಾಗಿ ಹಾಗೆಯೇ ಉಳಿಯಿತು. ಈಗ ಅದು ಸುಳ್ಳು. ಆ ಪ್ರತಿಯ ಮೇಲೆ ಸ್ಕೇಲಿಟ್ಟು ಲೆಕ್ಕ ಹಾಕಿದವರಿಗೆ ಎರಡು ಎಕರೆಯ ತೋಟ ನಾಲ್ಕು ಎಕರೆಯಾಗಿ ಕಾಣುತ್ತದೆ, ಎರಡು ಎಕರೆ ಯಾರೋ ನುಂಗಿದರೆಂಬ ಅನುಮಾನ ಹುಟ್ಟುತ್ತದೆ. ಮೊಬೈಲಿನಲ್ಲಿ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿ ಪ್ರಿಂಟ್ ಹಾಕಿಸಿದ್ದಾದರೆ ಪಟ್ಟುಸಂಖ್ಯೆ ಏನಾಗಿದೆಯೆಂದು ದೇವರಿಗೇ ಗೊತ್ತು. ಫೋಟೋ ಓರೆಯಾಗಿ ತೆಗೆದಿದ್ದರೆ ಆಕಾರವೇ ಕೆಟ್ಟಿರುತ್ತದೆ, ಆಗ ಯಾವ ಸಂಖ್ಯೆಯೂ ಅದನ್ನು ಸರಿಪಡಿಸದು.

ಮದ್ದು ಸುಲಭ. ನಕ್ಷೆಯ ಜೊತೆ ಎಳೆದಿರುವ ಅಳತೆಪಟ್ಟಿ ಇದ್ದರೆ ಅದೂ ಪ್ರತಿಯಲ್ಲಿ ಬರುವಂತೆ ನೋಡಿಕೊಳ್ಳಿ, ನಕ್ಷೆ ಹಿಗ್ಗಿದಾಗ ಪಟ್ಟಿಯೂ ಅಷ್ಟೇ ಹಿಗ್ಗುವುದರಿಂದ ಅದು ಸುಳ್ಳಾಡದು. ಪಟ್ಟಿ ಇಲ್ಲದಿದ್ದರೆ ಕಾಗದದ ಮೇಲೂ ನೆಲದ ಮೇಲೂ ಗುರುತಿಸಬಲ್ಲ ಎರಡು ಬಾಂದುಕಲ್ಲು ಹುಡುಕಿ. ಅವುಗಳ ನಡುವಿನ ದೂರವನ್ನು ಎರಡೂ ಕಡೆ ಅಳೆದು ಭಾಗಿಸಿದರೆ ಈ ಪ್ರತಿಯ ಹೊಸ ಪಟ್ಟುಸಂಖ್ಯೆ ಕೈಗೆ ಬರುತ್ತದೆ. ಬೇರೆ ದಿಕ್ಕಿನ ಇನ್ನೆರಡು ಕಲ್ಲುಗಳಿಂದ ಅದನ್ನು ತಾಳೆ ನೋಡಿ. ಸರ್ವೆಯ ಟಿಪ್ಪಣಿ ಪುಸ್ತಕದ ಚಿತ್ರಕ್ಕೆ ಮಾತ್ರ ಸ್ಕೇಲು ಹಚ್ಚಬೇಡಿ. ಅದು ಸಾಮಾನ್ಯವಾಗಿ ಸ್ಥಳದಲ್ಲಿ ಕೈಯಿಂದ ಬರೆದುಕೊಂಡ ಚಿತ್ರ. ಅದರಲ್ಲಿ ಬರೆದ ಸರಪಳಿ, ಆಣೆಗಳೇ ಪ್ರಮಾಣ, ಗೆರೆಯ ಉದ್ದವಲ್ಲ.

ಬೆಂಗಳೂರಿನ ಒಂದು ಗೆರೆ

ಒಂದೇ ಒಂದು ಉದ್ದ ಗೊತ್ತಿದ್ದರೆ ಸಾಕು ಎಂಬ ಮಾತನ್ನು ನಂಬಿ ಒಂದು ಉಪಖಂಡವನ್ನೇ ಅಳೆದರು. 1799ರಲ್ಲಿ ಟಿಪ್ಪು ಮಡಿದ ಮೇಲೆ ಮೈಸೂರು ಸೀಮೆಯ ನಕ್ಷೆ ಮಾಡುವ ಕೆಲಸ ಕಾಲಿನ್ ಮೆಕೆಂಝಿಗೆ ಬಂತು. ಅದೇ ಹೊತ್ತಿಗೆ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ 1800ರಲ್ಲಿ ಬೆಂಗಳೂರಿನ ಬಳಿ ಬಯಲಲ್ಲಿ 100 ಅಡಿಯ ಉಕ್ಕಿನ ಸರಪಳಿ ಹಾಸಿ ಏಳು ಮೈಲಿಗೂ ಮಿಗಿಲಾದ ಒಂದು ನೇರಗೆರೆಯನ್ನು ಅಳೆದ. ಮುಂದಿನದೆಲ್ಲ ಕೋನದ ಕೆಲಸ. ಗೆರೆಯ ಎರಡು ತುದಿಯಿಂದ ದೂರದ ಬೆಟ್ಟವೊಂದನ್ನು ನೋಡಿ ಕೋನ ಅಳೆದರೆ ತ್ರಿಕೋನದ ಆಕಾರ ಗೊತ್ತಾಗುತ್ತದೆ. ಅದೇ ಆಕಾರದ ಪುಟ್ಟ ತ್ರಿಕೋನವನ್ನು ಕಾಗದದ ಮೇಲೂ ಬರೆಯಬಹುದು. ಕಾಗದದ್ದನ್ನು ಎಷ್ಟು ಪಟ್ಟು ಹಿಗ್ಗಿಸಬೇಕು ಎಂಬುದನ್ನು ಅಳೆದ ಆ ಒಂದು ಗೆರೆ ಹೇಳುತ್ತದೆ. ಉಳಿದ ಎರಡು ಬಾಹು ನಡೆಯದೆಯೇ ಸಿಕ್ಕವು. ಅವುಗಳ ಮೇಲೆ ಮತ್ತೆರಡು ತ್ರಿಕೋನ, ಅವುಗಳ ಮೇಲೆ ಮತ್ತಷ್ಟು.

1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಇನ್ನೊಂದು ಮೂಲಗೆರೆ ಅಳೆದು ಲ್ಯಾಂಬ್ಟನ್ ತ್ರಿಕೋನಗಳ ಸರಣಿಯನ್ನು ಪಶ್ಚಿಮ ಕರಾವಳಿಯವರೆಗೆ ಎಳೆದುಕೊಂಡು ಬಂದ. ಮದರಾಸಿಗೂ ಮಂಗಳೂರಿಗೂ ನಡುವಿನ ಅಗಲ ಹಿಂದಿನ ನಕ್ಷೆಗಳು ತೋರಿಸಿದ್ದಕ್ಕಿಂತ ಸುಮಾರು 40 ಮೈಲಿ ಕಡಿಮೆ ಎಂದು ಆಗ ಬಯಲಾಯಿತು. ಮೂಲಗೆರೆಯಲ್ಲಿ ತಪ್ಪಿದ್ದರೆ ಅದು ಪ್ರತಿ ಬೆಟ್ಟಕ್ಕೂ ದಾಟುತ್ತಿತ್ತು, ಕೋನಗಳು ಅದನ್ನು ಪತ್ತೆ ಹಚ್ಚುತ್ತಿರಲಿಲ್ಲ. ಕೋನಕ್ಕೆ ಗೊತ್ತಿರುವುದು ಆಕಾರ ಮಾತ್ರ. ಆದ್ದರಿಂದಲೇ ಅಲ್ಲಲ್ಲಿ ಹೊಸ ಮೂಲಗೆರೆ ಅಳೆದು ತಾಳೆ ನೋಡುತ್ತಿದ್ದರು.

ಮರ ಏಕೆ ಹಿಗ್ಗಿಸಿದ ಸಸಿಯಲ್ಲ

ಉದ್ದಕ್ಕೆ ಒಂದು ಸಲ, ಹರವಿಗೆ ಎರಡು ಸಲ. ಒಳಹಿಡಿತಕ್ಕೆ, ತೂಕಕ್ಕೆ ಮೂರು ಸಲ. ಉದ್ದ, ಅಗಲ, ಎತ್ತರ ಮೂರೂ ಎರಡು ಪಟ್ಟಾದ ತೊಟ್ಟಿಯಲ್ಲಿ ನೀರು ಎಂಟು ಪಟ್ಟು ಹಿಡಿಯುತ್ತದೆ.

ಇದರ ಪರಿಣಾಮವನ್ನು ಬಿಡಿಸಿ ಹೇಳಿದ್ದು ಗೆಲಿಲಿಯೋ, 1638ರಲ್ಲಿ ಪ್ರಕಟವಾದ ತನ್ನ ಕೊನೆಯ ದೊಡ್ಡ ಪುಸ್ತಕದಲ್ಲಿ. ಪ್ರಾಣಿಯೊಂದನ್ನು ಅದೇ ಆಕಾರದಲ್ಲಿ ಮೂರು ಪಟ್ಟು ಹಿಗ್ಗಿಸಿದರೆ ಅದರ ತೂಕ 27 ಪಟ್ಟಾಗುತ್ತದೆ. ತೂಕ ಹೊರುವ ಮೂಳೆಯ ಬಲ ಅದರ ಅಡ್ಡಕೊಯ್ತದ ಹರವಿನ ಮೇಲೆ ನಿಂತಿದೆ, ಅದು 9 ಪಟ್ಟು ಮಾತ್ರ. ಮೂಳೆ ಮುರಿಯುತ್ತದೆ. ದೊಡ್ಡ ಪ್ರಾಣಿಗೆ ಅದರ ಗಾತ್ರಕ್ಕೂ ಮೀರಿ ದಪ್ಪ ಕಾಲು ಬೇಕು. ಆನೆ ಹಿಗ್ಗಿಸಿದ ಜಿಂಕೆಯಲ್ಲ.

ತೆಂಗು ಈ ಮಾತನ್ನು ಮೀರಿದಂತೆ ಕಾಣುತ್ತದೆ, ಅದೇ ಅದರ ಸೊಗಸು. ಮಾವು, ಹಲಸು, ಹುಣಸೆಯ ಕಾಂಡ ವರ್ಷವರ್ಷವೂ ದಪ್ಪವಾಗುತ್ತದೆ. ತೆಂಗಿನ ಕಾಂಡದಲ್ಲಿ ಹಾಗೆ ಸುತ್ತಲೂ ಹೊಸ ಪದರ ಸೇರಿಸುವ ವ್ಯವಸ್ಥೆಯೇ ಇಲ್ಲ. ಎಳವೆಯಲ್ಲಿ ಒಮ್ಮೆ ದಪ್ಪ ಕೂಡಿಕೊಂಡಿತೆಂದರೆ ಆಮೇಲೆ ಮೇಲಕ್ಕೆ ಮಾತ್ರ ಬೆಳವಣಿಗೆ. 20 ಅಡಿಯಲ್ಲಿದ್ದಾಗಿನ ಬೊಡ್ಡೆಯ ದಪ್ಪವೇ 60 ಅಡಿಯಲ್ಲೂ ಹೆಚ್ಚುಕಡಿಮೆ ಇರುತ್ತದೆ. ಎತ್ತರ ಮೂರು ಪಟ್ಟು, ದಪ್ಪ ಒಂದು ಪಟ್ಟು. ಎಳೆಯ ಮರವೂ ಮುದಿ ಮರವೂ ಸಮರೂಪವೇ ಅಲ್ಲ. ಹಾಗಾದರೆ ಮುರಿಯದೆ ನಿಲ್ಲುವುದು ಹೇಗೆ? ದಪ್ಪದ ಬದಲು ಗಟ್ಟಿತನ ಹೆಚ್ಚಿಸಿಕೊಂಡು. ಬುಡದ ಹಳೆಯ ನಾರು, ಮುಖ್ಯವಾಗಿ ಹೊರಸುತ್ತಿನದು, ವರ್ಷ ಕಳೆದಂತೆ ಬಲಿಯುತ್ತ ಹೋಗುತ್ತದೆ. ಮುದಿ ಮರದ ಬುಡಕ್ಕೆ ಕೊಡಲಿ ಹಾಕಿದವರ ಕೈಗೆ ಇದು ಚೆನ್ನಾಗಿ ಗೊತ್ತು.

ಆದ್ದರಿಂದ ಮರದ ಬೊಡ್ಡೆಯ ದಪ್ಪ ನೋಡಿ ಎತ್ತರ ಊಹಿಸುವುದು ತೆಂಗಿನಲ್ಲಿ ಆಗದ ಕೆಲಸ.

ಕಾಯಿಯ ಅಗಲ, ಕೊಬ್ಬರಿಯ ತೂಕ

ಹುಳಿಯಾರು, ಚಿಕ್ಕನಾಯಕನಹಳ್ಳಿ, ತುರುವೇಕೆರೆ, ತಿಪಟೂರು ಸೀಮೆಯ ದುಡ್ಡು ನಿಂತಿರುವುದು ಉಂಡೆ ಕೊಬ್ಬರಿಯ ಮೇಲೆ. ಬಲಿತ ಕಾಯಿಗಳನ್ನು ಮಟ್ಟೆ ಸುಲಿಯದೆ ಅಟ್ಟದ ಮೇಲೆ ಹತ್ತಾರು ತಿಂಗಳು ಹಾಕಿ, ಒಳಗಿನ ನೀರು ಇಂಗಿ ತಿರುಳು ಕರಟ ಬಿಟ್ಟು ಗಿಟುಕಾಗುವವರೆಗೆ ಕಾಯುತ್ತಾರೆ. ಕೊಬ್ಬರಿ ಮಾರುವುದು ತೂಕಕ್ಕೆ. ಹಸಿ ಕಾಯಿ ಕೊಡುವಾಗ ಮಾತ್ರ ಸಾವಿರಕ್ಕೆ ಇಷ್ಟು ಎಂಬ ಎಣಿಕೆಯ ವ್ಯಾಪಾರ ಇನ್ನೂ ಉಂಟು. ಪಟ್ಟುಸಂಖ್ಯೆ ರೈತನ ಜೇಬಿಗೆ ನೇರ ತಾಗುವುದು ಇಲ್ಲಿ.

ಸುಲಿದ ಎರಡು ಕಾಯಿಗೆ ಹೊಟ್ಟೆಯ ಸುತ್ತ ನೂಲು ಸುತ್ತಿ. ಒಂದರ ಸುತ್ತಳತೆ 28 ಸೆಂಟಿಮೀಟರ್, ಇನ್ನೊಂದರದು 35 ಬಂತೆನ್ನಿ. ಪಟ್ಟುಸಂಖ್ಯೆ 1.25. ಸುತ್ತಳತೆಯೂ ಉದ್ದವೇ ಆದ್ದರಿಂದ ಅಗಲಕ್ಕೂ ಅದೇ 1.25. ಕಣ್ಣಿಗೆ ಕಾಣುವುದು ಇಷ್ಟೇ: ದೊಡ್ಡ ಕಾಯಿ ಕಾಲು ಪಾಲು ಅಗಲ. ಒಳಗಿನ ಒಟ್ಟು ಜಾಗಕ್ಕೆ ಮೂರು ಸಲ ಗುಣಿಸಬೇಕು, 1.95. ಹೆಚ್ಚೂಕಡಿಮೆ ಎರಡು ಪಟ್ಟು.

ಹಾಗೆಂದು ಕೊಬ್ಬರಿಯೂ ಎರಡು ಪಟ್ಟು ಎಂದುಕೊಂಡರೆ ಅದೂ ತಪ್ಪು. ಕಾಯಿ ದೊಡ್ಡದಾದ ಮಾತ್ರಕ್ಕೆ ತಿರುಳಿನ ದಪ್ಪ ಅದೇ ಪ್ರಮಾಣದಲ್ಲಿ ಹೆಚ್ಚಬೇಕೆಂದಿಲ್ಲ. ಎರಡೂ ಕಾಯಿಯ ತಿರುಳು 1.2 ಸೆಂಟಿಮೀಟರ್ ದಪ್ಪ, ಕರಟದ ಒಳ ಅಗಲ 8 ಮತ್ತು 10 ಸೆಂಟಿಮೀಟರ್ ಎಂದಿಟ್ಟುಕೊಂಡು, ಕಾಯಿಯನ್ನು ಉಂಡೆಯೆಂದು ಭಾವಿಸಿ ಲೆಕ್ಕ ಹಾಕೋಣ. ಚಿಕ್ಕದರಲ್ಲಿ ತಿರುಳು ಸುಮಾರು 176 ಘನ ಸೆಂಟಿಮೀಟರ್, ದೊಡ್ಡದರಲ್ಲಿ 294. ಇದು 1.67 ಪಟ್ಟು. ನಡುವಿನ ನೀರಿನ ಟೊಳ್ಳು 92ರಿಂದ 230ಕ್ಕೆ ಏರುತ್ತದೆ, ಅದು ಎರಡೂವರೆ ಪಟ್ಟು. ದೊಡ್ಡ ಕಾಯಿಯಲ್ಲಿ ತಿರುಳಿಗಿಂತ ಟೊಳ್ಳು ಬೇಗ ಬೆಳೆಯುತ್ತದೆ. ಹೊರಗಿನಿಂದ ಸಮರೂಪವಾಗಿ ಕಂಡ ಎರಡು ಕಾಯಿ ಒಳಗೆ ಸಮರೂಪವಲ್ಲ.

ಚಿಕ್ಕ ಕಾಯಿಗೆ 15 ರೂಪಾಯಿ ಬೆಲೆ ಎಂದುಕೊಳ್ಳಿ. ಅಗಲ ನೋಡಿ ಬೆಲೆ ಕಟ್ಟುವವನು ದೊಡ್ಡದಕ್ಕೆ 19 ರೂಪಾಯಿಗೆ ನಿಲ್ಲಿಸುತ್ತಾನೆ. ತಿರುಳಿನ ಲೆಕ್ಕದಲ್ಲಿ ಅದಕ್ಕೆ 25 ರೂಪಾಯಿ ಸಲ್ಲಬೇಕು. ಗಾತ್ರ ಬೇರ್ಪಡಿಸದೆ ಎಲ್ಲ ಕಾಯಿಯನ್ನೂ ಒಂದೇ ದರಕ್ಕೆ ಎಣಿಸಿ ಕೊಟ್ಟರೆ ಗೊಬ್ಬರ ಹಾಕಿ ನೀರು ಬಿಟ್ಟು ದೊಡ್ಡ ಕಾಯಿ ಬೆಳೆದವನೇ ಸೋಲುತ್ತಾನೆ. ಕಾಯಿ ಕೆಡವಿದ ಮೇಲೆ ರಾಶಿಯಲ್ಲಿ ಸಣ್ಣದು, ನಡುವಿನದು, ದೊಡ್ಡದು ಬೇರೆ ಮಾಡಿ. ಪ್ರತಿ ಗುಂಪಿನಿಂದ ನಾಲ್ಕಾರು ಕಾಯಿ ಸುಲಿದು, ಒಡೆದು, ತಿರುಳನ್ನು ತೂಗಿ ನೋಡಿ. ಆ ತೂಕ ಕೈಯಲ್ಲಿದ್ದರೆ ಎಣಿಕೆಯ ದರವನ್ನು ಒಪ್ಪಬೇಕೋ ಬೇಡವೋ ಎಂಬುದನ್ನು ನೀವೇ ಹೇಳಬಹುದು.